ಹಳೆ ಕಾರು ಯಾರಿಗೆ ಮಾರೋದು? ನಾಲ್ಕು ದಾರಿ, ನಾಲ್ಕು ಬೆಲೆ

2025ರ ನವೆಂಬರ್‌ನಲ್ಲಿ ನಮ್ಮ ವ್ಯಾಗನ್‌ಆರ್ ಮಾರಿದೆ. 2016ರ ವಿಎಕ್ಸ್‌ಐ, ಪೆಟ್ರೋಲ್, ಸಿಂಗಲ್ ಓನರ್, 64,000 ಕಿಲೋಮೀಟರ್ ಓಡಿದ ಗಾಡಿ. ಊರು ಮೈಸೂರು. ಹನ್ನೊಂದು ದಿನದಲ್ಲಿ ಅದೇ ಕಾರಿಗೆ ನಾಲ್ಕು ಬೆಲೆ ಕೇಳಿದೆ. ಹೊಸ ಕಾರಿನ ಶೋರೂಮಿನವರು 2.35 ಲಕ್ಷ ಅಂದರು, ಅದರ ಮೇಲೆ 20,000 ಎಕ್ಸ್‌ಚೇಂಜ್ ಬೋನಸ್. ಊರಿನ ಡೀಲರ್ 2.50 ಅಂದರು. ಆನ್‌ಲೈನ್ ಕಂಪನಿಯೊಂದು ಮೊಬೈಲಿನಲ್ಲಿ 3.05 ತೋರಿಸಿ, ಮನೆಗೆ ಬಂದು ನೋಡಿದ ಮೇಲೆ 2.62ಕ್ಕೆ ಇಳಿಯಿತು. ಕೊನೆಗೆ ಕಾರು ಹೋಗಿದ್ದು ಟಿ. ನರಸೀಪುರದ ಕಡೆಯ ಒಬ್ಬ ಶಾಲಾ ಮೇಷ್ಟ್ರಿಗೆ, 2.95ಕ್ಕೆ.

ಈ ನಾಲ್ವರಲ್ಲಿ ಯಾರೂ ಸುಳ್ಳು ಹೇಳಲಿಲ್ಲ ಅನ್ನೋದು ನನಗೆ ಆಮೇಲೆ ಅರ್ಥವಾಯಿತು. ಹಳೆ ಕಾರಿಗೆ ಒಂದೇ ಬೆಲೆ ಇರುವುದಿಲ್ಲ. ಯಾರಿಗೆ ಮಾರುತ್ತೀರೋ ಅದರ ಮೇಲೆ ಬೆಲೆ. ಕಡಿಮೆ ಕೊಡುವವರು ನಿಮ್ಮ ತಲೆನೋವನ್ನು ತಾವು ಹೊತ್ತುಕೊಳ್ಳುತ್ತಾರೆ, ಅದಕ್ಕೆ ಕೂಲಿ ಹಿಡಿದುಕೊಳ್ಳುತ್ತಾರೆ. ಆ ಕೂಲಿ ನ್ಯಾಯವಾಗಿದೆಯಾ, ಅಷ್ಟು ತಲೆನೋವನ್ನು ನಾವೇ ಹೊರಬಹುದಾ ಅಂತ ಲೆಕ್ಕ ಹಾಕಿದರೆ ಯಾವ ದಾರಿ ಅನ್ನೋದು ತಾನಾಗೇ ಗೊತ್ತಾಗುತ್ತದೆ.

ಮೊದಲು ನಿಮ್ಮ ಬೆಲೆ ನೀವೇ ಕಟ್ಟಿ

ಯಾರ ಹತ್ತಿರ ಹೋಗುವ ಮೊದಲೂ ನಿಮ್ಮದೊಂದು ಅಂದಾಜು ಕೈಯಲ್ಲಿರಬೇಕು. ಇಲ್ಲದಿದ್ದರೆ ಮೊದಲು ಯಾರು ಬೆಲೆ ಹೇಳುತ್ತಾರೋ ಅದೇ ತಲೆಯಲ್ಲಿ ಕೂತುಬಿಡುತ್ತದೆ.

ನಮ್ಮಲ್ಲಿ ಹೆಚ್ಚಿನವರು ಮಾಡುವ ತಪ್ಪು ಏನೆಂದರೆ, ಆವತ್ತು ಕೊಟ್ಟ ಆನ್‌ರೋಡ್ ಬೆಲೆಯಿಂದ ಲೆಕ್ಕ ಶುರು ಮಾಡುವುದು. ಕರ್ನಾಟಕದಲ್ಲಿ ಲೈಫ್ ಟ್ಯಾಕ್ಸ್ ಜಾಸ್ತಿ. 5 ಲಕ್ಷದಿಂದ 10 ಲಕ್ಷದವರೆಗಿನ ಪೆಟ್ರೋಲ್, ಡೀಸೆಲ್ ಕಾರಿಗೆ ಶೇ. 14, ಅದರ ಮೇಲೆ ಸೆಸ್ ಬೇರೆ. ಆ ದುಡ್ಡು ಕೊಟ್ಟ ದಿನವೇ ಹೋಯಿತು. ಕೊಳ್ಳುವವನು ನೋಡುವುದು ಇವತ್ತು ಹೊಸ ಕಾರಿಗೆ ಎಷ್ಟಿದೆ ಅಂತ ಮಾತ್ರ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತು, ಅದರ ಜೊತೆಗಿದ್ದ ಸೆಸ್ಸೂ ಹೋಯಿತು. ಹೊಸ ವ್ಯಾಗನ್‌ಆರ್‌ನ ಬೇಸ್ ಮಾಡೆಲ್ ಎಕ್ಸ್‌ಶೋರೂಮ್ ಬೆಲೆ 5 ಲಕ್ಷದ ಒಳಗೆ ಬಂತು. ಹೊಸದು ಇಳಿದರೆ ಹಳೆಯದೂ ಇಳಿಯಲೇಬೇಕು. ಆಗಸ್ಟ್‌ನಲ್ಲಿ ಯಾರೋ ಹೇಳಿದ ಬೆಲೆಯನ್ನು ನವೆಂಬರ್‌ನಲ್ಲಿ ಹಿಡಿದು ಕೂತರೆ ಗಾಡಿ ಅಲ್ಲೇ ನಿಂತಿರುತ್ತದೆ.

ಇನ್ನೊಂದು, ಇನ್ಶೂರೆನ್ಸ್ ಪಾಲಿಸಿಯಲ್ಲಿ ಬರೆದಿರುವ ಐಡಿವಿ, ಅಂದರೆ ಕಾರು ಪೂರ್ತಿ ಹಾಳಾದರೆ ಅಥವಾ ಕಳುವಾದರೆ ಕಂಪನಿ ಕೊಡುವ ಮೊತ್ತ. ಅದು ಮಾರುಕಟ್ಟೆ ಬೆಲೆ ಅಲ್ಲ. ಇನ್ಶೂರೆನ್ಸಿನವರು ಒಂದು ಪಟ್ಟಿ ಇಟ್ಟುಕೊಂಡು ಸವಕಳಿ ಕಳೆಯುತ್ತಾರೆ. ಮೊದಲ ಆರು ತಿಂಗಳಿಗೆ ಶೇ. 5, ಒಂದು ವರ್ಷದವರೆಗೆ 15, ಎರಡು ವರ್ಷಕ್ಕೆ 20, ಮೂರಕ್ಕೆ 30, ನಾಲ್ಕಕ್ಕೆ 40, ಐದಕ್ಕೆ 50. ಐದು ದಾಟಿದ ಮೇಲೆ ಕಂಪನಿ ಮತ್ತು ಮಾಲೀಕ ಮಾತಾಡಿಕೊಂಡು ಒಪ್ಪಿದ್ದೇ ಲೆಕ್ಕ. ಎರಡು ಮೂರು ವರ್ಷದ ಕಾರಾದರೆ ಐಡಿವಿ ಒಂದು ಅಂದಾಜು ಕೊಡುತ್ತದೆ. ನಮ್ಮಂಥ ಒಂಬತ್ತು ವರ್ಷದ ಕಾರಿಗೆ ಅದರಿಂದ ಉಪಯೋಗ ಇಲ್ಲ. ನನ್ನ ಪಾಲಿಸಿಯಲ್ಲಿ 2.41 ಇತ್ತು. ಡೀಲರ್ ಅದರ ಮೇಲೇ ಬೆರಳಿಟ್ಟು, "ಸಾರ್, ನಿಮ್ಮ ಇನ್ಶೂರೆನ್ಸಿನವರೇ ಇಷ್ಟು ಅಂತಾರಲ್ಲ" ಅಂದರು. ಮೊದಲೇ ತಿಳಿದುಕೊಂಡಿದ್ದಕ್ಕೆ ನಾನು ಜಗ್ಗಲಿಲ್ಲ.

ನಾನು ಮಾಡಿದ್ದು ಇಷ್ಟು. ಒಂದು ಸಂಜೆ ಕೂತು ಮೈಸೂರು, ಮಂಡ್ಯ, ಬೆಂಗಳೂರಿನ ಜಾಹೀರಾತುಗಳಲ್ಲಿ 2015ರಿಂದ 2017ರೊಳಗಿನ ವಿಎಕ್ಸ್‌ಐ ಪೆಟ್ರೋಲ್ ಗಾಡಿಗಳನ್ನು ಹುಡುಕಿದೆ. ಹದಿನೇಳು ಸಿಕ್ಕವು. ಕೇಳುತ್ತಿದ್ದ ಬೆಲೆ 2.75ರಿಂದ 3.90ರವರೆಗೆ ಇತ್ತು. ತೀರ ಮೇಲಿನದು, ತೀರ ಕೆಳಗಿನದು ಬಿಟ್ಟೆ. ಉಳಿದವು ಹೆಚ್ಚೂಕಡಿಮೆ 3.10ರಿಂದ 3.40ರ ನಡುವೆ ಇದ್ದವು. ಇವು ಕೇಳುವ ಬೆಲೆ, ಮಾರಾಟವಾದ ಬೆಲೆ ಅಲ್ಲ. ಚೌಕಾಸಿಗೆ ಶೇ. 8ರಿಂದ 10 ಕಳೆದೆ. 2.85ರಿಂದ 3.10 ಅಂತ ಬಂತು. ಹೇಳುವ ಬೆಲೆ 3.15, ಇದಕ್ಕಿಂತ ಕೆಳಗೆ ಬೇಡ ಅನ್ನುವ ಬೆಲೆ 2.85 ಅಂತ ಚೀಟಿಯಲ್ಲಿ ಬರೆದು ಪರ್ಸಿನಲ್ಲಿ ಇಟ್ಟುಕೊಂಡೆ.

ನಿಮ್ಮ ಕಾರಿನ ವರ್ಷ ನೋಡುವಾಗ ನೋಂದಣಿಯಾದ ವರ್ಷ, ತಯಾರಾದ ವರ್ಷ ಎರಡನ್ನೂ ನೋಡಿ. ಎರಡೂ ಆರ್‌ಸಿಯಲ್ಲಿ ಇರುತ್ತವೆ. ಡಿಸೆಂಬರ್‌ನಲ್ಲಿ ತಯಾರಾಗಿ ಜನವರಿಯಲ್ಲಿ ನೋಂದಣಿಯಾದ ಗಾಡಿಯನ್ನು ಡೀಲರ್‌ಗಳು ಹಿಂದಿನ ವರ್ಷದ್ದು ಅಂತಲೇ ಎಣಿಸುತ್ತಾರೆ. ಮಾರುವ ಕಾಲವೂ ಮುಖ್ಯ. ಆಷಾಢದಲ್ಲಿ ನಮ್ಮ ಕಡೆ ಜನ ಗಾಡಿ ತೆಗೆದುಕೊಳ್ಳುವುದಿಲ್ಲ. ಆಯುಧ ಪೂಜೆಗೆ ಮೂರು ನಾಲ್ಕು ವಾರ ಇರುವಾಗ ಕೇಳುವವರು ಜಾಸ್ತಿ. ನವೆಂಬರ್, ಡಿಸೆಂಬರ್‌ನಲ್ಲಿ ಮಾರಿದರೆ "ವರ್ಷ ತಿರುಗುತ್ತೆ ಸಾರ್" ಅನ್ನುವ ಮಾತು ಕೇಳಲೇಬೇಕು. ನಾನೂ ಕೇಳಿದೆ.

ಶೋರೂಮ್ ಎಕ್ಸ್‌ಚೇಂಜ್: ಕಾಗದದ ಬೆಲೆ, ನಿಜದ ಬೆಲೆ

ಹೊಸ ಕಾರು ತೆಗೆದುಕೊಳ್ಳುವವರಿಗೆ ಇದು ಎಲ್ಲಕ್ಕಿಂತ ಸಲೀಸು. ಹಳೆಯದನ್ನು ಅಲ್ಲೇ ಬಿಟ್ಟು ಹೊಸದರಲ್ಲಿ ಮನೆಗೆ ಬರಬಹುದು. ಮಾರುತಿಯ ಟ್ರೂ ವ್ಯಾಲ್ಯೂ 2001ರಿಂದಲೇ ಇದೆ. ಬೇರೆ ಕಂಪನಿಗಳೂ ತಮ್ಮ ತಮ್ಮ ಹಳೆ ಕಾರಿನ ವಿಭಾಗ ಇಟ್ಟಿವೆ. ಕಾಗದ ಪತ್ರದ ವಿಷಯದಲ್ಲಿ ಇವರು ಸಾಮಾನ್ಯವಾಗಿ ಶಿಸ್ತಿನವರು.

ಆದರೆ ಬೋನಸ್ ಅನ್ನುವ ಪದದ ಬಗ್ಗೆ ಎಚ್ಚರ ಬೇಕು. ನನ್ನ ಲೆಕ್ಕವನ್ನೇ ತೋರಿಸುತ್ತೇನೆ. ನಾನು ನೋಡಿದ ಹೊಸ ಕಾರಿನ ಆನ್‌ರೋಡ್ ಬೆಲೆ 9.40 ಲಕ್ಷ. ಹಳೆ ಕಾರಿಗೆ 2.35, ಬೋನಸ್ 20,000, ಒಟ್ಟು 2.55. ನಾನು ಕೊಡಬೇಕಾದದ್ದು 6.85. ಕೇಳೋಕೆ ಚೆನ್ನಾಗಿತ್ತು. ಎರಡು ದಿನ ಬಿಟ್ಟು ನನ್ನ ತಂಗಿ ಅದೇ ಶೋರೂಮಿಗೆ ಹೋಗಿ, ಹಳೆ ಕಾರು ಇಲ್ಲ, ಪೂರ್ತಿ ದುಡ್ಡು ಕೊಟ್ಟು ತಗೋತೀನಿ ಅಂತ ಕೇಳಿದಳು. ಅವಳಿಗೆ 25,000 ಡಿಸ್ಕೌಂಟ್ ಕೊಟ್ಟು 9.15 ಅಂದರು. ಅಂದರೆ ಹಳೆ ಕಾರು ಇಲ್ಲದೆ 9.15, ಇದ್ದರೆ 6.85. ನಡುವಿನ ವ್ಯತ್ಯಾಸ 2.30. ನನ್ನ ಕಾರಿಗೆ ಅವರು ನಿಜವಾಗಿ ಕೊಡುತ್ತಿದ್ದದ್ದು ಅಷ್ಟೇ.

ಹಾಗಾಗಿ ಎಕ್ಸ್‌ಚೇಂಜ್ ಕೇಳುವವರು ಎರಡು ಕೊಟೇಶನ್ ಬರೆಸಿಕೊಳ್ಳಿ. ಒಂದು ಹಳೆ ಕಾರು ಸೇರಿಸಿ, ಒಂದು ಸೇರಿಸದೆ. ಒಂದರಲ್ಲಿ ಇನ್ನೊಂದು ಕಳೆಯಿರಿ. ಬೇರೆ ಯಾವ ಅಂಕಿಯೂ ಬೇಡ.

ಹೊಸ ಕಾರು ತಗೊಳ್ಳುವವರು ಮರೆಯುವ ಇನ್ನೊಂದು ದುಡ್ಡು ನೋ ಕ್ಲೈಮ್ ಬೋನಸ್. ಇದು ಕಾರಿನದಲ್ಲ, ನಿಮ್ಮದು. ಕ್ಲೈಮ್ ಮಾಡದೆ ಐದು ವರ್ಷ ಕಳೆದಿದ್ದರೆ ಸ್ವಂತ ಡ್ಯಾಮೇಜಿನ ಪ್ರೀಮಿಯಂನಲ್ಲಿ ಶೇ. 50 ರಿಯಾಯಿತಿ ಇರುತ್ತದೆ. ಕಾರು ಮಾರಿದ ಮೇಲೆ ಇನ್ಶೂರೆನ್ಸ್ ಕಂಪನಿಯಿಂದ ಎನ್‌ಸಿಬಿ ಪತ್ರ ತೆಗೆದುಕೊಂಡರೆ ಹೊಸ ಕಾರಿಗೆ ಅದು ನಡೆಯುತ್ತದೆ. ಮೂರು ವರ್ಷದವರೆಗೆ ಇಟ್ಟುಕೊಳ್ಳಬಹುದು. ಕಾರನ್ನು ಯಾರಿಗೆ ಮಾರಿದರೂ ಇದು ಸಿಗುತ್ತದೆ. ಶೋರೂಮಿಗೇ ಕೊಡಬೇಕು ಅಂತೇನಿಲ್ಲ.

ಊರಿನ ಡೀಲರ್

ಬೇಗ ದುಡ್ಡು ಬೇಕು, ನಾಲ್ಕು ಜನ ಮನೆಗೆ ಬಂದು ಹೋಗುವುದು ಬೇಡ ಅನ್ನುವವರಿಗೆ ಡೀಲರ್. ಅವರ ಬೆಲೆ ಯಾಕೆ ಕಡಿಮೆ ಅಂತ ನೋಡಿದರೆ ಸಿಟ್ಟು ಬರುವುದಿಲ್ಲ. 2.50ಕ್ಕೆ ತೆಗೆದುಕೊಂಡ ಗಾಡಿಯನ್ನು 3 ಲಕ್ಷಕ್ಕೆ ಮಾರಿದರು ಅಂದುಕೊಳ್ಳಿ. ನಡುವಿನ 50,000ದಲ್ಲಿ ಪಾಲಿಶ್, ಟೈರು, ಜಾಗದ ಬಾಡಿಗೆ, ಗಾಡಿ ನಿಂತಷ್ಟು ದಿನದ ಬಡ್ಡಿ ಎಲ್ಲಾ ಬರಬೇಕು. 2025ರ ಜನವರಿಯಿಂದ ನೋಂದಾಯಿತ ಡೀಲರ್‌ಗಳು ಹಳೆ ಕಾರಿನ ಮಾರ್ಜಿನ್ ಮೇಲೆ ಶೇ. 18 ಜಿಎಸ್‌ಟಿ ಕಟ್ಟಬೇಕು. ಮೊದಲು ಸಣ್ಣ ಕಾರಿಗೆ ಇದು 12 ಇತ್ತು. 50,000ಕ್ಕೆ 9,000 ಅಲ್ಲೇ ಹೋಗುತ್ತದೆ. ನಮ್ಮಂಥವರು ಸ್ವಂತ ಕಾರು ಮಾರಿದರೆ ಜಿಎಸ್‌ಟಿ ಇಲ್ಲ. ಈ ಬಗ್ಗೆ ಸುಮ್ನೆ ಹೆದರಿಸುವವರಿದ್ದಾರೆ, ಅದಕ್ಕೇ ಹೇಳಿದೆ.

ಡೀಲರ್‌ನಲ್ಲಿ ನೋಡಬೇಕಾದದ್ದು ಬೆಲೆಗಿಂತ ಹೆಚ್ಚಾಗಿ ಕಾಗದ. ಅದಕ್ಕೆ ಆಮೇಲೆ ಬರುತ್ತೇನೆ, ಯಾಕೆಂದರೆ ನಮ್ಮ ಮನೆಯಲ್ಲಿ ಒಮ್ಮೆ ಅದರಿಂದ ಪಟ್ಟ ಕಷ್ಟ ಇನ್ನೂ ಮರೆತಿಲ್ಲ.

ಆನ್‌ಲೈನ್ ಕಂಪನಿ

ಕಾರ್ಸ್24, ಸ್ಪಿನ್ನಿಯಂಥ ಕಂಪನಿಗಳು 2015ರಲ್ಲಿ ಶುರುವಾದವು. ಈಗ ಬೆಂಗಳೂರಿನಲ್ಲಿ ಕಾರು ಮಾರುವವರು ಮೊದಲು ನೋಡುವುದೇ ಇಂಥ ಆ್ಯಪ್‌ಗಳನ್ನು. ಕೆಲವು ಕಂಪನಿ ತಾವೇ ಕೊಳ್ಳುತ್ತವೆ. ಕೆಲವು ನಿಮ್ಮ ಕಾರನ್ನು ಪರೀಕ್ಷೆ ಮಾಡಿ, ಡೀಲರ್‌ಗಳ ನಡುವೆ ಹರಾಜಿಗೆ ಇಡುತ್ತವೆ. ಯಾವ ಕಂಪನಿಯೇ ಆಗಲಿ, ಮೊಬೈಲಿನಲ್ಲಿ ನಂಬರ್ ಹಾಕಿದ ಕೂಡಲೇ ತೋರಿಸುವ ಬೆಲೆ ನಿಮ್ಮ ಕಾರಿನದಲ್ಲ. ಆ ಮಾಡೆಲ್‌ನ ಒಳ್ಳೆ ಕಂಡಿಷನ್ ಕಾರಿನದು.

ನಮ್ಮ ಮನೆಗೆ ಬಂದದ್ದು ಇಪ್ಪತ್ತೈದರ ಆಸುಪಾಸಿನ ಹುಡುಗ. ಕೈಯಲ್ಲಿ ಪೇಂಟ್ ಅಳೆಯುವ ಸಣ್ಣ ಮೀಟರ್. ಬಾನೆಟ್, ರೂಫ್, ಒಂದೊಂದು ಬಾಗಿಲು ಅಂತ ಅದನ್ನು ಒತ್ತುತ್ತಾ ಹೋದ. 110, 118, 124. ಕಂಪನಿಯಿಂದ ಬಂದ ಪೇಂಟ್ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಒಳಗೆ ಇರುತ್ತದಂತೆ. ಎಡಗಡೆ ಹಿಂದಿನ ಬಾಗಿಲಿಗೆ ಬಂದಾಗ 290. "ಇದು ರೀಪೇಂಟ್ ಸಾರ್." ಹೌದು, 2019ರಲ್ಲಿ ನಮ್ಮ ಗೇಟಿನ ಕಂಬಕ್ಕೆ ಉಜ್ಜಿತ್ತು. ಆಮೇಲೆ ಟೈರಿನ ಪಕ್ಕ ಮಂಡಿಯೂರಿ ಕೂತು, ಮೊಬೈಲ್ ಲೈಟ್ ಹಾಕಿ ನಾಲ್ಕು ಅಂಕಿ ಓದಿದ. 2319. ಅಂದರೆ 2019ರ 23ನೇ ವಾರ ತಯಾರಾದ ಟೈರು. ಟೈರಿನ ಗ್ರಿಪ್ ಇನ್ನೂ ಆಳ ಇತ್ತು, ಆದರೆ ಆರು ವರ್ಷವಾಗಿದೆ ಅಂತ ನಾಲ್ಕು ಟೈರಿಗೂ ಕಳೆದ. ಇಂಜಿನ್ ಆನ್ ಇರುವಾಗಲೇ ಆಯಿಲ್ ಹಾಕುವ ಮುಚ್ಚಳ ತೆಗೆದು ಹೊಗೆ ಬರುತ್ತಾ ನೋಡಿದ. ಇಡೀ ಕೆಲಸ ಮುಕ್ಕಾಲು ಗಂಟೆ. 3.05 ಇದ್ದದ್ದು 2.62 ಆಯಿತು.

ನನಗೆ ಬೇಜಾರಾಯಿತು, ನಿಜ. ಆದರೆ ಆ ಹುಡುಗ ಬರೆದುಕೊಂಡದ್ದು ಒಂದೂ ಸುಳ್ಳಲ್ಲ. ಆ ರಿಪೋರ್ಟ್ ಕೇಳಿ ತೆಗೆದುಕೊಂಡೆ. ಮುಂದೆ ಬಂದ ಪ್ರತಿಯೊಬ್ಬರಿಗೂ ಅದನ್ನೇ ತೋರಿಸಿದೆ. ಮಾರುವ ಮನಸ್ಸಿಲ್ಲದಿದ್ದರೂ ಒಂದು ಪರೀಕ್ಷೆ ಮಾಡಿಸಿಕೊಳ್ಳಿ ಅಂತ ನಾನು ಹೇಳುವುದು ಇದಕ್ಕೇ. ನಿಮ್ಮ ಕಾರನ್ನು ಬೇರೆಯವರ ಕಣ್ಣಲ್ಲಿ ನೋಡಿದ ಹಾಗಾಗುತ್ತದೆ.

ಒಪ್ಪಿಕೊಳ್ಳುವ ಮುಂಚೆ ಮೂರು ವಿಷಯ ಕೇಳಿ. ಸರ್ವಿಸ್ ಚಾರ್ಜ್ ಎಷ್ಟು, ಅದು ಹೇಳಿದ ಬೆಲೆಯಲ್ಲೇ ಸೇರಿದೆಯಾ. ಆರ್‌ಸಿ ಟ್ರಾನ್ಸ್‌ಫರ್ ಆಗುವವರೆಗೆ ಸ್ವಲ್ಪ ಹಣ ಹಿಡಿದಿಟ್ಟುಕೊಳ್ಳುತ್ತಾರಾ. ಈ ಬೆಲೆ ಎಷ್ಟು ದಿನ ನಿಲ್ಲುತ್ತದೆ. ಗಾಡಿ ಒಯ್ಯುವ ದಿನ "ಮತ್ತೊಮ್ಮೆ ನೋಡಿದಾಗ ಇದು ಕಾಣ್ತು" ಅಂತ ಇನ್ನೂ ಇಳಿಸಿದರೆ ಕೀ ಕೊಡಬೇಡಿ. ಆ ಹಕ್ಕು ಕೊನೆಯ ನಿಮಿಷದವರೆಗೂ ನಿಮ್ಮದೇ.

ನೇರವಾಗಿ ಓಡಿಸುವವರಿಗೆ

ಬೆಲೆ ಸಿಗುವುದು ಇಲ್ಲಿ. ಶ್ರಮವೂ ಇಲ್ಲೇ. ಜಾಹೀರಾತು ಹಾಕಿದ ಎಂಟು ದಿನದಲ್ಲಿ ನನಗೆ ಮೂವತ್ತರ ಹತ್ತಿರ ಕರೆ ಬಂದವು. ಅರ್ಧಕ್ಕರ್ಧ ಬ್ರೋಕರ್‌ಗಳು. "ಲಾಸ್ಟ್ ರೇಟ್ ಹೇಳಿ ಸಾರ್" ಅಂತ ಗಾಡಿ ನೋಡದೆಯೇ ಕೇಳುವವರು ಇನ್ನಷ್ಟು. ಒಬ್ಬರು ತಾವು ಮಿಲಿಟರಿಯಲ್ಲಿ ಇರುವುದಾಗಿ ಹೇಳಿ, ಅಡ್ವಾನ್ಸ್ ಕಳಿಸ್ತೀನಿ, ಈ ಕ್ಯುಆರ್ ಸ್ಕ್ಯಾನ್ ಮಾಡಿ ಅಂದರು. ದುಡ್ಡು ಬರಬೇಕಾದರೆ ನಾವು ಸ್ಕ್ಯಾನ್ ಮಾಡುವುದೂ ಇಲ್ಲ, ಪಿನ್ ಒತ್ತುವುದೂ ಇಲ್ಲ. ಮನೆಯ ಹಿರಿಯರ ನಂಬರ್ ಜಾಹೀರಾತಿನಲ್ಲಿ ಹಾಕಿದ್ದರೆ ಇದನ್ನು ಅವರಿಗೆ ತಪ್ಪದೆ ಹೇಳಿ.

ನೋಡಲು ಬಂದವರು ಆರು ಜನ. ಆರನೆಯವರು ಮೇಷ್ಟ್ರು. ಜೊತೆಗೆ ಅವರ ಊರಿನ ಮೆಕ್ಯಾನಿಕ್. ಆತ ಬಂದವನೇ ಮಾತಾಡದೆ ಬಾನೆಟ್ ಮೇಲೆ ಅಂಗೈ ಇಟ್ಟ. ನಾನು ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದೀನಾ ಅಂತ ನೋಡಿದ್ದು. ತಣ್ಣಗಿತ್ತು. ತಲೆಯಾಡಿಸಿ ಕೀ ತಿರುಗಿಸಿದ. ಹಿಂದೆ ಹೋಗಿ ಸೈಲೆನ್ಸರ್ ಹತ್ತಿರ ನಿಂತ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ ಅಂತ ಲೆಕ್ಕ. ಆಮೇಲೆ ಡಿಕ್ಕಿಯ ಮ್ಯಾಟ್ ಎತ್ತಿ, ಸ್ಟೆಪ್ನಿ ಹೊರಗೆ ತೆಗೆದು, ಆ ಗುಂಡಿಯೊಳಗೆ ಬೆರಳು ಆಡಿಸಿದ. ತುಕ್ಕಿಲ್ಲ, ವೆಲ್ಡಿಂಗ್ ಇಲ್ಲ. ಬಾಗಿಲಿನ ರಬ್ಬರ್ ಬೀಡಿಂಗ್ ಒಂದಿಷ್ಟು ಕಿತ್ತು, ಕಂಪನಿಯ ವೆಲ್ಡಿಂಗ್ ಚುಕ್ಕಿಗಳು ಸಾಲಾಗಿ ಇವೆಯಾ ನೋಡಿದ. ಸೀಟ್‌ಬೆಲ್ಟ್ ಕೊನೆಯವರೆಗೂ ಎಳೆದ. ನೀರಲ್ಲಿ ಮುಳುಗಿದ ಗಾಡಿಯಾದರೆ ಬೆಲ್ಟಿನ ಒಳತುದಿಯಲ್ಲಿ ಕೆಸರಿನ ಗೆರೆ ಉಳಿದಿರುತ್ತದಂತೆ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಬೆಳ್ಳಂದೂರು, ಯಮಲೂರು ಕಡೆ ಬೇಸ್‌ಮೆಂಟುಗಳಲ್ಲಿ ಕಾರುಗಳು ಮುಳುಗಿದ ಮೇಲೆ ಮೈಸೂರಿನವರೂ ಇದನ್ನು ನೋಡುತ್ತಾರೆ.

ಅವನ ಕೈಚಳಕ ನೋಡಿ ನನಗೆ ಗೌರವ ಬಂತು. ಮೀಟರ್ ಹೇಳದ ಎಷ್ಟೋ ವಿಷಯ ಆ ಬೆರಳಿಗೆ ಗೊತ್ತಿತ್ತು. ಇಂಥವರ ಮುಂದೆ ಮುಚ್ಚಿಡಲು ಹೋಗಬಾರದು. ಬಾಗಿಲಿನ ಪೇಂಟ್, ಟೈರಿನ ವಯಸ್ಸು, ಎರಡು ವರ್ಷದ ಹಿಂದೆ ಬದಲಾಯಿಸಿದ ಕ್ಲಚ್, ಎಲ್ಲಾ ನಾನೇ ಮೊದಲು ಹೇಳಿದೆ. ಸರ್ವಿಸ್ ಬಿಲ್‌ಗಳ ಫೈಲ್ ಕೈಗಿತ್ತೆ. ಮೇಷ್ಟ್ರು ಒಂದೊಂದೇ ಹಾಳೆ ತಿರುವಿ, ಕಿಲೋಮೀಟರ್ ವರ್ಷವರ್ಷ ಹೇಗೆ ಏರಿದೆ ಅಂತ ಪೆನ್ನಿಂದ ಗುರುತು ಹಾಕಿಕೊಂಡರು. 2.80ರಿಂದ ಶುರು ಮಾಡಿದರು. ಕಾಫಿ ಮುಗಿಯುವಷ್ಟರಲ್ಲಿ 2.95ಕ್ಕೆ ಬಂದೆವು.

ಮಾರುವ ಮುಂಚೆ ಯಾವುದಕ್ಕೆ ಖರ್ಚು ಮಾಡಬೇಕು ಅಂತ ಬಹಳ ಜನ ಕೇಳುತ್ತಾರೆ. ಒಳಗೆ ಹೊರಗೆ ಚೆನ್ನಾಗಿ ತೊಳೆಸಿ. ಸುಟ್ಟ ಬಲ್ಬ್, ಹರಿದ ವೈಪರ್, ಸತ್ತ ಬ್ಯಾಟರಿ ಬದಲಿಸಿ. ಎಸಿ ತಣ್ಣಗೆ ಬರುತ್ತಿರಲಿ. ಇಷ್ಟಕ್ಕೆ ಹಾಕಿದ ದುಡ್ಡು ವಾಪಸ್ ಬರುತ್ತದೆ. ಹೊಸ ಟೈರು ಹಾಕಿಸಬೇಡಿ, ಅಷ್ಟು ದುಡ್ಡು ಯಾರೂ ಕೊಡುವುದಿಲ್ಲ. ಪೂರ್ತಿ ಪೇಂಟ್ ಅಂತೂ ಬೇಡವೇ ಬೇಡ. ಒಂಬತ್ತು ವರ್ಷದ ಕಾರು ಹೊಸದರ ಹಾಗೆ ಹೊಳೆದರೆ ಬಂದವರಿಗೆ ಅನುಮಾನ ಬರುತ್ತದೆ.

ಟೆಸ್ಟ್ ಡ್ರೈವ್‌ಗೆ ಒಬ್ಬರನ್ನೇ ಕಳಿಸಬೇಡಿ. ಲೈಸೆನ್ಸ್ ಫೋಟೋ ತೆಗೆದುಕೊಂಡು ಪಕ್ಕದ ಸೀಟಿನಲ್ಲಿ ಕೂತುಕೊಳ್ಳಿ. ಹಣ ಬ್ಯಾಂಕಿನ ಮೂಲಕವೇ ಬರಲಿ. ಒಂದು ವ್ಯವಹಾರಕ್ಕೆ 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ತೆಗೆದುಕೊಳ್ಳುವಂತಿಲ್ಲ. ತೆಗೆದುಕೊಂಡವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು.

ಯಾರಿಗೆ ಯಾವುದು ಸರಿ

ನನಗೆ ಆನ್‌ಲೈನ್ ಬೆಲೆಗಿಂತ 33,000 ಜಾಸ್ತಿ ಸಿಕ್ಕಿತು. ಅದಕ್ಕೆ ಎರಡು ಭಾನುವಾರ, ಮೂವತ್ತು ಕರೆ, ಆರ್‌ಟಿಒಗೆ ಎರಡು ಸಲ ಓಡಾಟ. ನನಗೆ ಸಮಯ ಇತ್ತು, ಒಪ್ಪಿತು. ನನ್ನ ಭಾವಮೈದುನ ಬೆಂಗಳೂರಿನಿಂದ ಕೆನಡಾಕ್ಕೆ ಹೊರಟಾಗ ಅವನ ಕೈಯಲ್ಲಿ ಇದ್ದದ್ದು ಹನ್ನೆರಡು ದಿನ. ಕಾರಿನ ಮೇಲೆ ಸಾಲವೂ ಇತ್ತು. ಅವನು ಆನ್‌ಲೈನ್ ಕಂಪನಿಗೆ ಕೊಟ್ಟ. ಬ್ಯಾಂಕಿಗೆ ಕಟ್ಟಬೇಕಾದದ್ದನ್ನು ಅವರೇ ಕಟ್ಟಿ ಉಳಿದದ್ದು ಇವನಿಗೆ ಹಾಕಿದರು. ಅವನ ಜಾಗದಲ್ಲಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ.

ಮೂರರಿಂದ ಆರು ವರ್ಷದ, ಎಲ್ಲರೂ ಕೇಳುವ ಪೆಟ್ರೋಲ್ ಕಾರಾದರೆ ಆನ್‌ಲೈನ್ ಕಂಪನಿಗಳು ಪೈಪೋಟಿಯಲ್ಲಿ ಒಳ್ಳೆ ಬೆಲೆ ಕೊಡುತ್ತವೆ. ಎರಡು ಮೂರು ಕಡೆ ಕೇಳಿದರೆ ಸಾಕು, ನೇರವಾಗಿ ಮಾರಿದರೂ ಬಹಳ ವ್ಯತ್ಯಾಸ ಆಗಲಿಕ್ಕಿಲ್ಲ. ಎಂಟು ಹತ್ತು ವರ್ಷ ದಾಟಿದ ಕಾರಿಗೆ ನೇರ ಮಾರಾಟವೇ ಸರಿ. ಅಂಥ ಕಾರಿನ ಬೆಲೆ ಅದನ್ನು ಹೇಗೆ ನೋಡಿಕೊಂಡಿದ್ದೀರಿ ಅನ್ನುವುದರ ಮೇಲೆ ನಿಂತಿರುತ್ತದೆ, ಕಂಪನಿಯ ಪಟ್ಟಿ ಅದನ್ನು ಪೂರ್ತಿ ಹಿಡಿಯುವುದಿಲ್ಲ. ಫೋರ್ಡ್, ಷೆವರ್ಲೆ ಕಾರು ಇರುವವರೂ ಅಷ್ಟೇ. ಷೆವರ್ಲೆ 2017ರಲ್ಲಿ ಇಲ್ಲಿ ಮಾರಾಟ ನಿಲ್ಲಿಸಿತು, ಫೋರ್ಡ್ 2021ರಲ್ಲಿ ಇಲ್ಲಿ ಕಾರು ತಯಾರಿಸುವುದನ್ನು ನಿಲ್ಲಿಸುವುದಾಗಿ ಹೇಳಿತು. ಆ ಹೆಸರು ಕೇಳಿದರೆ ಡೀಲರ್ ಮುಖ ಸಪ್ಪಗಾಗುತ್ತದೆ. ಅದೇ ಕಾರನ್ನು ಇಷ್ಟಪಟ್ಟು ಹುಡುಕುವವರು ಇದ್ದಾರೆ. ಆ ಗಾಡಿಗಳನ್ನೇ ರಿಪೇರಿ ಮಾಡುವ ಗ್ಯಾರೇಜಿನವರಿಗೆ ಹೇಳಿಡಿ, ಗಿರಾಕಿ ಅಲ್ಲಿಂದಲೇ ಬರುತ್ತಾರೆ.

ಮಂಗಳೂರು, ಉಡುಪಿ, ಕಾರವಾರದ ಗಾಡಿಗೆ ಘಟ್ಟದ ಮೇಲಿನವರು ಮೊದಲು ಅಡಿಭಾಗ ನೋಡುತ್ತಾರೆ. ಉಪ್ಪು ಗಾಳಿಗೆ ತುಕ್ಕು ಬೇಗ. ಅಂಡರ್‌ಬಾಡಿ ಕೋಟಿಂಗ್ ಮಾಡಿಸಿದ ಬಿಲ್ ಇದ್ದರೆ ತೆಗೆದಿಡಿ. ಕಾಸರಗೋಡು ಕಡೆಯಿಂದ ಗಿರಾಕಿ ಬಂದರೆ ಎನ್‌ಒಸಿ, ಅಲ್ಲಿಯ ತೆರಿಗೆ ಎಲ್ಲಾ ಸೇರಿಕೊಳ್ಳುತ್ತದೆ. ಅವರು ಅದನ್ನು ಬೆಲೆಯಲ್ಲಿ ಕಳೆಯುತ್ತಾರೆ, ಕೆಲಸವೂ ತಡವಾಗುತ್ತದೆ.

ಹದಿನೈದು ವರ್ಷದ ಹತ್ತಿರ ಬಂದ ಕಾರಾದರೆ ಆರ್‌ಸಿಯ ಕೊನೆ ದಿನಾಂಕ ನೋಡಿ. ನವೀಕರಣಕ್ಕೆ ಎಫ್‌ಸಿ, ಅಂದರೆ ಗಾಡಿ ಓಡಲು ಯೋಗ್ಯ ಅನ್ನುವ ಸರ್ಟಿಫಿಕೇಟ್ ಆಗಬೇಕು. 2022ರ ಏಪ್ರಿಲ್‌ನಿಂದ ಕಾರಿನ ನೋಂದಣಿ ನವೀಕರಣ ಶುಲ್ಕವೇ 5,000. ಗಟ್ಟಿ ಗಾಡಿಯಾದರೆ ಎಫ್‌ಸಿ ಮಾಡಿಸಿ ಐದು ವರ್ಷ ಆಯಸ್ಸು ತೋರಿಸಿ ಮಾರಿ. ಅಲ್ಲದಿದ್ದರೆ ಸರ್ಕಾರದ ಮಾನ್ಯತೆ ಇರುವ ಗುಜರಿ ಕೇಂದ್ರಕ್ಕೆ ಕೊಟ್ಟು ಸರ್ಟಿಫಿಕೇಟ್ ತೆಗೆದುಕೊಳ್ಳಿ. ಸುಮ್ನೆ ಗುಜರಿಯವನಿಗೆ ಕೊಟ್ಟರೆ ಗಾಡಿ ಹೋದರೂ ನಿಮ್ಮ ಹೆಸರು ಉಳಿಯುತ್ತದೆ.

ಹೆಸರು ಬದಲಾಗುವವರೆಗೆ ಮಾರಾಟ ಮುಗಿದಿಲ್ಲ

2013ರಲ್ಲಿ ನಮ್ಮ ಅಪ್ಪ ತಮ್ಮ ಮಾರುತಿ 800 ಅನ್ನು ಒಬ್ಬ ಬ್ರೋಕರ್‌ಗೆ ಮಾರಿದರು. ಹೆಸರು ಬದಲಾಯಿಸುವ ಫಾರಂ 29, ಫಾರಂ 30ಕ್ಕೆ ಬ್ರೋಕರ್ ಸಹಿ ಮಾಡಿಸಿಕೊಂಡರು. ಕೊಳ್ಳುವವರ ಹೆಸರಿನ ಜಾಗ ಖಾಲಿ. "ಪಾರ್ಟಿ ಸಿಕ್ಕಿದ ಕೂಡಲೇ ತುಂಬಿಸ್ತೀನಿ ಯಜಮಾನ್ರೇ" ಅಂದಿದ್ದರಂತೆ. ಮೂರು ವರ್ಷ ಆದಮೇಲೆ ಒಂದು ಬೆಳಗ್ಗೆ ಪೊಲೀಸರು ಮನೆಗೆ ಬಂದರು. ಆ ಕಾರು ಒಬ್ಬ ಹುಡುಗನ ಬೈಕಿಗೆ ಗುದ್ದಿ ನಿಲ್ಲಿಸದೆ ಹೋಗಿತ್ತು. ಹುಡುಗನ ಕಾಲು ಮುರಿದಿತ್ತು. ಕಾರಿಗೆ ಇನ್ಶೂರೆನ್ಸ್ ಇರಲಿಲ್ಲ. ಆರ್‌ಸಿಯಲ್ಲಿ ಅಪ್ಪನ ಹೆಸರೇ. ಮಾರಿದ್ದಕ್ಕೆ ಒಂದು ಚೀಟಿಯೂ ಇರಲಿಲ್ಲ. ಬ್ರೋಕರ್ ಫೋನ್ ಎತ್ತಲಿಲ್ಲ. ಅರವತ್ತೆಂಟು ವರ್ಷದ ಅಪ್ಪ ಒಂದೂವರೆ ವರ್ಷ ಸ್ಟೇಷನ್, ವಕೀಲರು ಅಂತ ಓಡಾಡಿದರು. ಅವರಿಗೆ ದುಡ್ಡಿನ ಚಿಂತೆಗಿಂತ ಆ ಹುಡುಗನ ಕಾಲಿನ ಚಿಂತೆಯೇ ಹೆಚ್ಚಾಗಿತ್ತು.

ಕಾನೂನು ಈ ವಿಷಯದಲ್ಲಿ ಖಡಾಖಂಡಿತ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಮುಂದೆ ಇಂಥದ್ದೇ ಪ್ರಕರಣ ಬಂದಿತ್ತು. ಕಾರು ಕೈಯಿಂದ ಕೈಗೆ ಹಲವು ಸಲ ಹೋಗಿತ್ತು, ಆರ್‌ಸಿ ಮಾತ್ರ ಮೊದಲಿನವರ ಹೆಸರಲ್ಲೇ ಇತ್ತು. ಯಾರ ಹೆಸರಲ್ಲಿ ನೋಂದಣಿ ಇದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆ ಅವರದೇ ಅಂತ ತೀರ್ಪಾಯಿತು.

ಅದಕ್ಕೇ ಈ ಕೆಲಸಗಳಲ್ಲಿ ಸಡಿಲ ಬಿಡಬೇಡಿ. ಖಾಲಿ ಫಾರಂಗೆ ಸಹಿ ಹಾಕಬೇಡಿ. ಕೊಳ್ಳುವವರ ಹೆಸರು, ವಿಳಾಸ ತುಂಬಿದ ಮೇಲೆಯೇ ಸಹಿ. ಅದೇ ರಾಜ್ಯದೊಳಗೆ ಮಾರಿದರೆ 14 ದಿನದೊಳಗೆ ಆರ್‌ಟಿಒಗೆ ತಿಳಿಸುವುದು ಮಾರಿದವರ ಕರ್ತವ್ಯ. ಕೊಂಡವರಿಗೆ 30 ದಿನ. ಡೆಲಿವರಿ ನೋಟ್ ಬರೆದು ದಿನಾಂಕದ ಜೊತೆ ಗಂಟೆ, ನಿಮಿಷ, ಓಡೋಮೀಟರ್ ಅಂಕಿ ಹಾಕಿ ಇಬ್ಬರೂ ಸಹಿ ಮಾಡಿ. ಆ ನಿಮಿಷದಿಂದ ಬೀಳುವ ಫೈನ್ ಯಾರದು ಅನ್ನುವುದಕ್ಕೆ ಅದೇ ಸಾಕ್ಷಿ. ಹಳೆ ಫೈನ್‌ಗಳನ್ನು ಮಾರುವ ಮುಂಚೆ ನೀವೇ ಕಟ್ಟಿಬಿಡಿ.

ಡೀಲರ್‌ಗೆ ಕೊಡುವವರಿಗೆ 2023ರ ಏಪ್ರಿಲ್ 1ರಿಂದ ಒಂದು ಒಳ್ಳೆ ವ್ಯವಸ್ಥೆ ಬಂದಿದೆ. ಸಾರಿಗೆ ಇಲಾಖೆಯ ಅಧಿಕೃತಿ ಪತ್ರ ಪಡೆದ ಡೀಲರ್ ಆದರೆ, ಗಾಡಿ ಅವರ ವಶಕ್ಕೆ ಹೋದದ್ದನ್ನು ಫಾರಂ 29ಸಿ ಮೂಲಕ ವಾಹನ್ ಅನ್ನುವ ಸರ್ಕಾರಿ ಪೋರ್ಟಲ್‌ನಲ್ಲಿ ದಾಖಲಿಸಬಹುದು. ಆಮೇಲೆ ಹೊಣೆ ಡೀಲರ್‌ದು. "ನಿಮ್ಮ ಹತ್ತಿರ ಅಧಿಕೃತಿ ಪತ್ರ ಇದೆಯಾ, 29ಸಿ ಹಾಕ್ತೀರಾ" ಅಂತ ಕೇಳಿ. ಇಲ್ಲ ಅಂದರೆ ಬೆಲೆ ಎಷ್ಟೇ ಚೆನ್ನಾಗಿದ್ದರೂ ನಾನು ಕೊಡುವುದಿಲ್ಲ.

ಸಣ್ಣಪುಟ್ಟವು ಇನ್ನೂ ಇವೆ. ಕಾರಿನ ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿರಬಹುದು. ಬ್ಯಾಂಕ್ ಎನ್‌ಒಸಿ, ಫಾರಂ 35 ಕೊಟ್ಟು ಎಚ್‌ಪಿ, ಅಂದರೆ ಬ್ಯಾಂಕಿನ ಅಡಮಾನದ ನಮೂದು, ಕ್ಯಾನ್ಸಲ್ ಮಾಡಿಸಿ. 2019ರ ಏಪ್ರಿಲ್‌ಗೆ ಮುಂಚಿನ ಗಾಡಿಯಾದರೆ ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್ ಹಾಕಿಸಿರಬೇಕು. ವಾಹನ್‌ನಲ್ಲಿ ನಿಮ್ಮ ಈಗಿನ ಮೊಬೈಲ್ ನಂಬರ್ ಇದೆಯಾ ನೋಡಿ. ಒಟಿಪಿ ಅದಕ್ಕೇ ಬರುತ್ತದೆ. ನನ್ನದರಲ್ಲಿ 2016ರಲ್ಲಿ ಶೋರೂಮಿನವರು ಹಾಕಿದ್ದ ಯಾವುದೋ ನಂಬರ್ ಇತ್ತು. ಅದನ್ನು ಸರಿ ಮಾಡಿಸಲಿಕ್ಕೇ ಎರಡು ದಿನ ಹೋಯಿತು. ಕೀ ಕೊಟ್ಟ ದಿನವೇ ಫಾಸ್ಟ್ಯಾಗ್ ಕ್ಲೋಸ್ ಮಾಡಿಸಿ. ಇಲ್ಲದಿದ್ದರೆ ಅವರು ಟೋಲ್ ದಾಟಿದಾಗೆಲ್ಲ ನಿಮ್ಮ ದುಡ್ಡು ಹೋಗುತ್ತದೆ.

ಮೇಷ್ಟ್ರು ಕಾರು ಒಯ್ದ ಮೇಲೆ ಅಪ್ಪ ದಿನಾ ಸಂಜೆ ಕೇಳುತ್ತಿದ್ದರು, "ಹೆಸರು ಬದಲಾಯ್ತೇನೋ?" ಹತ್ತೊಂಬತ್ತನೇ ದಿನ ಎಂಪರಿವಾಹನ್ ಆ್ಯಪ್ ತೆರೆದು ಗಾಡಿ ನಂಬರ್ ಹಾಕಿದೆ. ಮಾಲೀಕರ ಹೆಸರಿನ ಮೊದಲ ಅಕ್ಷರ ಬೇರೆ ಇತ್ತು, ಉಳಿದ ಜಾಗದಲ್ಲಿ ನಕ್ಷತ್ರಗಳು. ಫೋನ್ ಅಪ್ಪನ ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು, ನಂಬರನ್ನು ಒಂದೊಂದೇ ಅಂಕಿ ಬೆರಳಿಟ್ಟು ಓದಿದರು. ಆಮೇಲೆ ಡೆಲಿವರಿ ನೋಟ್ ಎಲ್ಲಿ ಇಟ್ಟಿದ್ದೀಯ ಅಂತ ಕೇಳಿ, ಅದನ್ನು ತಾವೇ ಬೀರುವಿನಲ್ಲಿ ಮನೆ ಪತ್ರಗಳ ಜೊತೆ ಇಟ್ಟು ಬಂದರು.